‘ಐ ಹ್ಯಾವ್ ಎ ಡೌಟ್’ ಅಂದಾಗ ಅವರಿಗೆ ಕೇಳಿಸೋದೇನು

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಬ್ರಿಟನ್‌ಗೆ ಬಂದು ಮೂರು ವಾರ ಆಗಿದೆ, ಆಫೀಸಿನಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಾರೆ, ಆದರೆ ಮೊನ್ನೆ ಮೀಟಿಂಗಿನಲ್ಲಿ ಏನೋ ಎಡವಟ್ಟಾಯ್ತು ಅಂದಿದ್ದೀರಿ. ಸಹೋದ್ಯೋಗಿಯೊಬ್ಬರು ತಾವು ಮಾಡಿದ ಡಿಸೈನನ್ನು ವಿವರಿಸಿದರು. ಕೊನೆಯಲ್ಲಿ ನೀವು ಕೈಯೆತ್ತಿ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಅಂದಿರಿ. ಅವರ ಮುಖ ಬಿಗಿಯಾಯ್ತು. ನಿಮ್ಮ ಮಾತು ಮುಗಿಯೋ ಮುಂಚೆಯೇ ಆ ಡಿಸೈನ್ ಯಾಕೆ ಸರಿ ಅಂತ ಮೊದಲಿಂದ ಹೇಳೋಕೆ ಶುರು ಮಾಡಿದರು. ನಿಮಗೆ ಬೇಕಾಗಿದ್ದು ಇಷ್ಟೇ: ಮೂರನೇ ಚಿತ್ರದಲ್ಲಿದ್ದ ಒಂದು ಬಾಣ ಯಾವ ಕಡೆಗೆ ತೋರಿಸುತ್ತಿದೆ? ಮೀಟಿಂಗ್ ಮುಗಿದ ಮೇಲೆ ಮ್ಯಾನೇಜರ್ ಬಂದು, ಆ ಡಿಸೈನ್ ಬಗ್ಗೆ ನಿಮಗೆ ಏನಾದರೂ ತಕರಾರಿದೆಯಾ ಅಂತ ಮೆಲ್ಲಗೆ ವಿಚಾರಿಸಿದರು. ‘ಡೌಟ್ ಅಂದರೂ ಕ್ವೆಶ್ಚನ್ ಅಂದರೂ ಒಂದೇ ಅಲ್ವಾ? ನನ್ನ ಇಂಗ್ಲಿಷ್ ಅಷ್ಟು ಕೆಟ್ಟದಾಗಿದೆಯಾ? ಇಲ್ಲಿ ಇನ್ನು ಪ್ರತಿ ಮಾತನ್ನೂ ತೂಗಿಯೇ ಆಡಬೇಕಾ?’ ಅಂತ ಕೇಳಿದ್ದೀರಿ.

ನಾನು ಈ ಕಡೆ ಬಂದು 17 ವರ್ಷ ಆಯ್ತು. ಮೊದಲು ಇಂಗ್ಲೆಂಡಿನಲ್ಲಿದ್ದೆ, ಈಗ ಸ್ಕಾಟ್ಲೆಂಡಿನಲ್ಲಿ ಇದ್ದೇನೆ. ಈ ಒಂದು ಪದದ ಹತ್ತಿರ ನಾನೂ ಎಡವಿದ್ದೇನೆ, ನನಗೆ ಗೊತ್ತಿರೋ ಎಷ್ಟೋ ಜನ ಎಡವಿದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಭಯಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಇಂಗ್ಲಿಷ್ ಕೆಟ್ಟಿಲ್ಲ. ಕೋಟ್ಯಂತರ ಜನ ದಿನವೂ ಆಡುವ ಇಂಗ್ಲಿಷ್ ಅದು. ನಮ್ಮ ಕಡೆ ಕ್ಲಾಸಿನಲ್ಲಿ ‘ಸರ್, ಒಂದು ಡೌಟು’ ಅಂದರೆ ಮೇಷ್ಟ್ರಿಗೆ ಖುಷಿಯಾಗುತ್ತಿತ್ತು. ಹುಡುಗ ಗಮನ ಕೊಟ್ಟು ಕೇಳುತ್ತಿದ್ದಾನೆ ಅಂತ ಅರ್ಥ. ಪರೀಕ್ಷೆಗೆ ಮುಂಚೆ ‘ಡೌಟ್ ಕ್ಲಿಯರ್’ ಮಾಡೋಕೆ ಅಂತಲೇ ಒಂದು ಪೀರಿಯಡ್ ಇಡುತ್ತಿದ್ದರು. ಆ ಮಾತಿನಲ್ಲಿ ಯಾರ ಮೇಲೂ ಅಪನಂಬಿಕೆ ಇರಲಿಲ್ಲ. ಇನ್ನೂ ಒಂದು ಸಮಾಧಾನದ ಸಂಗತಿ ಹೇಳುತ್ತೇನೆ. ಸ್ಪ್ಯಾನಿಷ್ ಮಾತಾಡೋರೂ ಹೀಗೇ ಹೇಳುತ್ತಾರೆ. ಅವರ ಭಾಷೆಯಲ್ಲಿ ‘ತೆಂಗೊ ಊನ ದೂದ’ ಅಂದರೆ ಪದಕ್ಕೆ ಪದ ‘ನನಗೊಂದು ಡೌಟು ಇದೆ’. ಅವರೂ ಅದನ್ನು ಬಳಸೋದು ಏನನ್ನಾದರೂ ಕೇಳಿ ತಿಳಿದುಕೊಳ್ಳಬೇಕಾದಾಗಲೇ. ಹೊಸದಾಗಿ ಇಂಗ್ಲಿಷ್ ದೇಶಕ್ಕೆ ಬಂದ ಸ್ಪ್ಯಾನಿಷ್ ಎಂಜಿನಿಯರೂ ನಿಮ್ಮ ಹಾಗೇ ಕೈಯೆತ್ತಿ ಅದನ್ನೇ ಹೇಳಬಹುದು. ಎದುರಿನವರ ಮುಖ ಅವರಿಗೂ ಬಿಗಿಯಾಗಬಹುದು.

ಹಾಗಾದರೆ ಮುಖ ಬಿಗಿಯಾದದ್ದು ಯಾಕೆ? ಕೊರತೆ ಯಾರ ಕಡೆ ಇದೆ ಅಂತ ನೋಡಿದರೆ ಗೊತ್ತಾಗುತ್ತದೆ. ನಾವು ‘ಡೌಟು ಇದೆ’ ಅಂದಾಗ ಕೊರತೆ ನಮ್ಮ ಕಡೆ. ನೀವು ಹೇಳಿದ್ದು ಸರಿಯೇ ಇದೆ, ನನ್ನ ತಲೆಗೆ ಪೂರ್ತಿ ಹತ್ತಿಲ್ಲ, ಇನ್ನೊಂದ್ಸಲ ಹೇಳಿ ಅಂತ. ಇಲ್ಲಿಯವರಿಗೆ ‘ಡೌಟ್’ ಅಂದಾಗ ಕೊರತೆ ಎದುರಿನವರ ಕಡೆಗೆ ಹೋಗುತ್ತದೆ. ನೀವು ಹೇಳಿದ್ದು ನನಗೆ ಅರ್ಥ ಆಗಿದೆ, ಆದರೆ ಅದು ನಿಜ ಅಂತ ನಾನು ನಂಬಲ್ಲ, ಅದು ಕೆಲಸ ಮಾಡುತ್ತೆ ಅಂತ ನನಗೆ ಅನಿಸಲ್ಲ ಅಂತ. ನೀವು ತಲೆಬಾಗಿ ಕೇಳಿದಿರಿ. ಅವರಿಗೆ ಎಲ್ಲರ ಮುಂದೆ ನೀವು ಅವರ ಆರು ತಿಂಗಳ ಕೆಲಸವನ್ನು ನಂಬಲ್ಲ ಅಂದ ಹಾಗೆ ಕೇಳಿಸಿತು. ಆ ಮನುಷ್ಯ ಪಾಪ, ತನ್ನ ಕೆಲಸವನ್ನು ಕಾಪಾಡಿಕೊಳ್ಳೋಕೆ ಹೊರಟರು, ಅಷ್ಟೇ.

ಈ ಅರ್ಥ ನಮಗೆ ಗೊತ್ತಿಲ್ಲದ್ದೇನಲ್ಲ. ಕ್ರಿಕೆಟ್ ನೋಡುವಾಗ ‘ಬೆನಿಫಿಟ್ ಆಫ್ ಡೌಟ್’ ಅಂತೀವಲ್ಲ, ಅಲ್ಲಿರೋದು ಇಲ್ಲಿಯವರ ಡೌಟೇ. ಬ್ಯಾಟ್ಸ್‌ಮನ್ ಔಟಾದ ಅನ್ನೋದನ್ನು ಅಂಪೈರ್ ಪೂರ್ತಿ ನಂಬೋಕೆ ಆಗದಿದ್ದರೆ ಔಟ್ ಕೊಡಲ್ಲ. ಅಂಪೈರಿಗೆ ಯಾರನ್ನೂ ಏನೂ ಕೇಳೋದಿರಲ್ಲ. ಕೋರ್ಟಿನ ‘ರೀಸನಬಲ್ ಡೌಟ್’, ಅಂದರೆ ಸಕಾರಣವಾದ ಅನುಮಾನ, ಕೂಡ ಅದೇ ಜಾತಿ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಈಗ ಜಡ್ಜ್‌ಗಳು ಜ್ಯೂರಿಗೆ (ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನರ ಗುಂಪಿಗೆ) ಇದನ್ನು ವಿವರಿಸುವಾಗ ಡೌಟ್ ಪದವನ್ನು ಸಾಮಾನ್ಯವಾಗಿ ಬಿಟ್ಟು, ‘ಆರೋಪಿ ಅಪರಾಧ ಮಾಡಿದ್ದಾನೆ ಅಂತ ನಿಮಗೆ ಖಾತ್ರಿ ಇರಬೇಕು’ ಅಂತ ಸರಳವಾಗಿ ಹೇಳುತ್ತಾರೆ. ಖಾತ್ರಿ ಇಲ್ಲದಿರೋದೇ ಡೌಟ್. ಹೀಗೆ ಮೈದಾನದಲ್ಲೂ ಕೋರ್ಟಿನಲ್ಲೂ ನಾವು ಈ ಪದವನ್ನು ಇವರ ಹಾಗೇ ಬಳಸುತ್ತೇವೆ. ಕ್ಲಾಸಿಗೆ ಬಂದ ತಕ್ಷಣ ಬೇರೆ ಆಗುತ್ತದೆ.

ಯಾಕೆ ಹೀಗಾಯ್ತು ಅಂತ ನಾನು ತುಂಬಾ ಸಲ ಯೋಚನೆ ಮಾಡಿದ್ದೇನೆ. ನನಗೆ ಅನಿಸೋದು, ನಮ್ಮ ‘ಪ್ರಶ್ನೆ’ ಪದದಲ್ಲೇ ಸ್ವಲ್ಪ ಬಿಸಿ ಇದೆ. ಪ್ರಶ್ನೆ ಕೇಳೋರು ದೊಡ್ಡವರು, ಉತ್ತರ ಹೇಳಬೇಕಾದವರು ಚಿಕ್ಕವರು. ಪ್ರಶ್ನೆ ಪತ್ರಿಕೆ ಬರೋದು ಮೇಲಿಂದ. ಹುಡುಗ ತಿರುಗಿ ಏನಾದರೂ ಕೇಳಿದರೆ ‘ನನಗೇ ಪ್ರಶ್ನೆ ಹಾಕ್ತೀಯಾ?’ ಅಂತ ಗದರುತ್ತಾರೆ. ‘ಪ್ರಶ್ನಿಸುವುದು’ ಅಂದರಂತೂ ಎದುರಿಸಿ ನಿಲ್ಲೋದು ಅಂತಲೇ ಅರ್ಥ. ಹಾಗಾಗಿ ಮೆತ್ತಗೆ ಕೇಳೋಕೆ ನಮಗೆ ಬೇರೆ ಪದ ಬೇಕಾಗಿತ್ತು. ಸಂದೇಹ ಅಂದೆವು, ಸಂಶಯ ಅಂದೆವು, ಇಂಗ್ಲಿಷ್ ಬಂದ ಮೇಲೆ ಡೌಟು ಅಂದೆವು. ತಪ್ಪು ನನ್ನಲ್ಲೇ ಇದೆ ಅಂತ ಮೊದಲೇ ಒಪ್ಪಿಕೊಂಡು ಕೇಳುವ ಪದ ಅದು. ವಿನಯಕ್ಕೆ ಅಂತ ಹುಟ್ಟಿದ ಬಳಕೆ. ಇಂಗ್ಲಿಷಿನವರಲ್ಲಿ ಇದು ಪೂರ್ತಿ ಉಲ್ಟಾ. ಅವರ ‘ಕ್ವೆಶ್ಚನ್’ ತಣ್ಣಗಿದೆ, ‘ಡೌಟ್’ ಬಿಸಿಯಾಗಿದೆ. ಮೊದಲ ವರ್ಷ ನನಗೆ ಇದನ್ನು ಯಾರಾದರೂ ಹೇಳಿದ್ದರೆ ಎಷ್ಟೋ ಇಮೇಲುಗಳು ಬೇರೆ ಥರ ಇರುತ್ತಿದ್ದವು.

ಪದಗಳ ಬೇರು ನೋಡಿದರೂ ವ್ಯತ್ಯಾಸ ಕಾಣುತ್ತದೆ. ಕ್ವೆಶ್ಚನ್ ಬಂದದ್ದು ಲ್ಯಾಟಿನ್ನಿನ ‘ಕ್ವೇರೆರೆ’ ಅನ್ನೋದರಿಂದ. ಅಂದರೆ ಹುಡುಕು, ಕೇಳು. ಕ್ವೆಸ್ಟ್, ಕ್ವೆರಿ, ಇನ್‌ಕ್ವೈರಿ, ರಿಕ್ವೆಸ್ಟ್, ಎಲ್ಲ ಅದೇ ಮನೆಯ ಮಕ್ಕಳು. ಕೈಯಲ್ಲಿ ಇಲ್ಲದ್ದನ್ನು ಹುಡುಕಿಕೊಂಡು ಹೋಗೋದು. ಡೌಟ್ ಬಂದದ್ದು ‘ದುಬಿತಾರೆ’ ಅನ್ನೋದರಿಂದ. ಅದರ ಹಿಂದೆ ಇರೋದು ‘ದುವೋ’, ಅಂದರೆ ಎರಡು. ಮನಸ್ಸು ಎರಡಾಗೋದು. ಜರ್ಮನ್ನರ ‘ಟ್ಸ್ವೈಫೆಲ್’ ಒಳಗೂ ಎರಡು ಅನ್ನೋ ‘ಟ್ಸ್ವೈ’ ಕೂತಿದೆ. ನಮ್ಮ ‘ಇಬ್ಬಗೆ’, ‘ಇಬ್ಬಂದಿ’ ನೆನಪಾಗುತ್ತವೆ ಅಲ್ವಾ? ಹಳೆಯ ಫ್ರೆಂಚಿನಲ್ಲಿ, ಆಮೇಲೆ ಮಧ್ಯಕಾಲದ ಇಂಗ್ಲಿಷಿನಲ್ಲೂ, ಈ ಪದಕ್ಕೆ ಹೆದರು ಅನ್ನೋ ಅರ್ಥವೂ ಇತ್ತು. ಎದುರಾಳಿಯನ್ನು ‘ರಿಡೌಟಬಲ್’ ಅಂದರೆ ಹೆದರಬೇಕಾದವನು ಅಂತ. ಅದು ಇದೇ ಬೇರಿನದು. ಇನ್ನು ಡೌಟ್ ಬರೆಯುವಾಗ ನಡುವೆ ಒಂದು ಬಿ ಬರುತ್ತದಲ್ಲ, ಯಾರೂ ಉಚ್ಚರಿಸದ ಅಕ್ಷರ, ಅದನ್ನು ಲ್ಯಾಟಿನ್ ಓದಿದ ಪಂಡಿತರು ಆಮೇಲೆ ತಂದು ಸೇರಿಸಿದರು. ಅದಕ್ಕೆ ಮುಂಚೆ ಫ್ರೆಂಚರ ಹಾಗೇ ಬಿ ಇಲ್ಲದೆ ಬರೆಯುತ್ತಿದ್ದರು. ‘ಡೆಟ್’ ಒಳಗಿನ ಬಿ ಕೂಡ ಹೀಗೇ ಬಂದದ್ದು.

ಮೂಲದಲ್ಲಿ ಎರಡು ಮನಸ್ಸು ಅಂತಿದ್ದರೂ ಇವತ್ತಿನ ಮಾತಿನಲ್ಲಿ ತಕ್ಕಡಿ ನಡುವೆ ನಿಂತಿಲ್ಲ. ‘ಇಲ್ಲ’ ಅನ್ನೋ ಕಡೆಗೆ ವಾಲಿದೆ. ‘ನಾಳೆ ಅವನು ಬರ್ತಾನಾ?’ ಅಂತ ಕೇಳಿದಾಗ ಇಲ್ಲಿಯವರು ‘ಐ ಡೌಟ್ ಇಟ್’ ಅಂದರೆ ಬಹುಶಃ ಬರಲ್ಲ ಅಂತ ಅರ್ಥ. ಗೊತ್ತಿಲ್ಲ ಅಂತ ಹೇಳೋಕೆ ಬೇರೆ ಮಾತುಗಳಿವೆ. ಹೊಸಬರು ಇದನ್ನು ‘ಗೊತ್ತಿಲ್ಲಪ್ಪ’ ಅಂತ ತಿಳಿದು ಕಾಯುತ್ತಾ ಕೂರುತ್ತಾರೆ. ‘ಐ ಡೌಟ್ ಯು’ ಅಂದರಂತೂ ನಿನ್ನ ಮಾತು ನಂಬಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ಅದನ್ನು ಆಡಲೇಬೇಡಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಬಂದ ಮೊದಲ ಚಳಿಗಾಲ. ಕೆಮ್ಮು ಬಿಡುತ್ತಿರಲಿಲ್ಲ ಅಂತ ಡಾಕ್ಟರ ಹತ್ತಿರ ಹೋದೆ. ಅವರು ನೋಡಿ ಒಂದು ಮಾತ್ರೆ ಬರೆದರು. ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ ಅಂತ ಕೇಳಬೇಕಿತ್ತು. ‘ಡಾಕ್ಟರ್, ಐ ಹ್ಯಾವ್ ಎ ಡೌಟ್ ಅಬೌಟ್ ದಿಸ್ ಮೆಡಿಸಿನ್’ ಅಂದೆ. ಆಕೆ ಪೆನ್ನು ಕೆಳಗಿಟ್ಟರು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ತುಂಬಾ ಸಮಾಧಾನದಿಂದ, ಈ ಔಷಧಿ ಎಷ್ಟು ವರ್ಷದಿಂದ ಬಳಕೆಯಲ್ಲಿದೆ, ಅಡ್ಡಪರಿಣಾಮ ಯಾರಿಗೆ ಆಗಬಹುದು, ನನಗೆ ಆಗೋ ಸಾಧ್ಯತೆ ಯಾಕೆ ಕಡಿಮೆ, ಎಲ್ಲ ಹೇಳಿದರು. ಕೊನೆಗೆ, ‘ನಿಮಗೆ ಇಷ್ಟ ಇಲ್ಲದಿದ್ದರೆ ಬಲವಂತ ಇಲ್ಲ, ಒಂದು ವಾರ ಹಾಗೇ ನೋಡೋಣ’ ಅಂದರು. ನಾನು ಗಾಬರಿಯಾದೆ. ಇಷ್ಟೆಲ್ಲ ಹೇಳುತ್ತಿದ್ದಾರೆ ಅಂದರೆ ಈ ಮಾತ್ರೆಯಲ್ಲಿ ಏನೋ ಇರಬೇಕು ಅನಿಸಿತು. ನನಗೆ ಬೇಕಾಗಿದ್ದ ಉತ್ತರ ಮಾತ್ರ ಸಿಗಲಿಲ್ಲ. ಇನ್ನು ಕೇಳೋಕೆ ಧೈರ್ಯವೂ ಬರಲಿಲ್ಲ. ಹೊರಗೆ ಬಂದು ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಟ್ಟ ಹುಡುಗಿಯನ್ನು ಕೇಳಿದೆ. ಅಷ್ಟರಲ್ಲಿ ನನಗೆ ಇಂಗ್ಲಿಷೇ ಮರೆತ ಹಾಗಾಗಿ, ಸುಮ್ನೆ ‘ಬಿಫೋರ್ ಫುಡ್, ಆಫ್ಟರ್ ಫುಡ್?’ ಅಂದೆ. ಆಕೆ ತಕ್ಷಣ ‘ಆಫ್ಟರ್’ ಅಂದಳು.

ಆ ಡಾಕ್ಟರದು ಏನೂ ತಪ್ಪಿರಲಿಲ್ಲ. ರೋಗಿಗೆ ಔಷಧಿ ಮೇಲೆ ನಂಬಿಕೆ ಇಲ್ಲ ಅಂದರೆ ಒಳ್ಳೆಯ ಡಾಕ್ಟರು ಏನು ಮಾಡಬೇಕೋ ಅದನ್ನೇ ಮಾಡಿದರು. ನಾನು ಹೇಳಿದ ಮಾತಿಗೆ ಅವರು ಸರಿಯಾಗಿಯೇ ಉತ್ತರ ಕೊಟ್ಟರು. ನಾನು ಹೇಳಬೇಕು ಅಂದುಕೊಂಡ ಮಾತು ಬೇರೆ ಇತ್ತು. ನಿಮ್ಮ ಮೀಟಿಂಗಿನಲ್ಲೂ ಆಗಿದ್ದು ಇದೇ.

ಹಾಗಾದರೆ ಏನನ್ನಬೇಕು? ‘ಐ ಹ್ಯಾವ್ ಎ ಕ್ವೆಶ್ಚನ್’ ಸಾಕು, ಎಲ್ಲ ಕಡೆ ನಡೆಯುತ್ತದೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಜಾಸ್ತಿ ಕಿವಿಗೆ ಬೀಳೋದು ‘ಕ್ಯಾನ್ ಐ ಜಸ್ಟ್ ಚೆಕ್ ಒನ್ ಥಿಂಗ್?’ ಅನ್ನೋದು. ನನಗೆ ತುಂಬಾ ಇಷ್ಟವಾದ ಮಾತು ಇದು. ನಮ್ಮ ಡೌಟಿನಲ್ಲಿದ್ದ ವಿನಯ ಪೂರ್ತಿ ಇದರಲ್ಲಿದೆ. ನಿಮಗೆ ನಿಜವಾಗಿ ಅರ್ಥ ಆಗದಿದ್ದರೆ ‘ಸಾರಿ, ಐ ಡಿಡಂಟ್ ಕ್ವೈಟ್ ಫಾಲೋ ದಟ್’ ಅನ್ನಿ. ಯಾರೂ ನಿಮ್ಮನ್ನು ದಡ್ಡ ಅಂದುಕೊಳ್ಳಲ್ಲ. ಬಿಲ್ಲಿನಲ್ಲಿ, ಕಾಗದಪತ್ರದಲ್ಲಿ ಏನೋ ಹೊಂದುತ್ತಿಲ್ಲ ಅನ್ನುವಾಗ ‘ಕ್ವೆರಿ’ ಅಂತಾರೆ. ಅದು ಕ್ವೆಶ್ಚನ್‌ಗಿಂತ ಒಂದು ಕೂದಲೆಳೆ ಬಿಗಿ.

ಇಮೇಲಿನ ಬಗ್ಗೆ ಒಂದು ಸಣ್ಣ ಎಚ್ಚರಿಕೆ. ನಮ್ಮವರು ‘ಐ ಹ್ಯಾವ್ ಫ್ಯೂ ಡೌಟ್ಸ್’ ಅಂತ ಬರೆಯುತ್ತಾರೆ, ಕೆಲವು ಪ್ರಶ್ನೆಗಳಿವೆ ಅನ್ನೋಕೆ. ‘ಫ್ಯೂ’ ಮುಂದೆ ‘ಎ’ ಇಲ್ಲದಿದ್ದರೆ ಅದರ ಅರ್ಥ ‘ನನಗೆ ಹೆಚ್ಚುಕಮ್ಮಿ ಯಾವ ಅನುಮಾನವೂ ಇಲ್ಲ’ ಅಂತ. ಓದಿದವರು ಸಂತೋಷಪಟ್ಟು ಸುಮ್ಮನಾಗುತ್ತಾರೆ, ನೀವು ಉತ್ತರಕ್ಕೆ ಕಾಯುತ್ತಾ ಇರುತ್ತೀರಿ.

ಕ್ವೆಶ್ಚನ್ ಯಾವಾಗಲೂ ತಣ್ಣಗೇ ಇರುತ್ತದೆ ಅಂತಲೂ ತಿಳಿಯಬೇಡಿ. ನಾಮಪದವಾಗಿ ಬಂದಾಗ ತಣ್ಣಗಿರುತ್ತದೆ, ಕ್ರಿಯಾಪದವಾದ ತಕ್ಷಣ ಬಿಸಿಯಾಗುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಸಾಧು. ‘ಐ ಕ್ವೆಶ್ಚನ್ ದಟ್’ ಅಂದರೆ ನಮ್ಮ ‘ಪ್ರಶ್ನಿಸುತ್ತೇನೆ’ ಅನ್ನೋದೇ. ಪೊಲೀಸರು ಯಾರನ್ನೋ ‘ಕ್ವೆಶ್ಚನ್’ ಮಾಡಿದರು ಅಂದರೆ ವಿಚಾರಣೆ ಮಾಡಿದರು ಅಂತ. ‘ಔಟ್ ಆಫ್ ದ ಕ್ವೆಶ್ಚನ್’ ಕೇಳಿ ಹೊಸಬರು ತಬ್ಬಿಬ್ಬಾಗುತ್ತಾರೆ. ಅದು ನಮ್ಮ ‘ಹೋಗೋ ಪ್ರಶ್ನೆಯೇ ಇಲ್ಲ’ ಅನ್ನೋ ಮಾತು, ಸಾಧ್ಯವೇ ಇಲ್ಲ ಅಂತ. ‘ಬಿಯಾಂಡ್ ಕ್ವೆಶ್ಚನ್’ ನಮ್ಮ ‘ಪ್ರಶ್ನಾತೀತ’. ಇಲ್ಲೆಲ್ಲ ಕನ್ನಡ ನಿಮ್ಮ ಕೈಹಿಡಿಯುತ್ತದೆ. ‘ನೋ ಡೌಟ್’ ಮಾತ್ರ ಸ್ವಲ್ಪ ಮೋಸದ್ದು. ಪದ ನೋಡಿದರೆ ಅನುಮಾನವೇ ಇಲ್ಲ ಅಂತ ಇದೆ, ಬಳಸೋದು ಮಾತ್ರ ‘ಬಹುಶಃ’ ಅನ್ನೋ ಹಾಗೆ. ‘ನೋ ಡೌಟ್ ಯೂ ಹ್ಯಾವ್ ಚೆಕ್ಡ್ ದಿಸ್’ ಅಂತ ಯಾರಾದರೂ ಬರೆದರೆ, ಚೆಕ್ ಮಾಡಿರುತ್ತೀರಿ ಅಂದುಕೊಂಡಿದ್ದೇನೆ ಅಂತ. ಚೆಕ್ ಮಾಡಿಲ್ಲದಿದ್ದರೆ ಆಗಲೇ ಎದ್ದು ಮಾಡಿ.

ಈಗ ನನಗೆ ತುಂಬಾ ಪ್ರೀತಿಯ ಭಾಗಕ್ಕೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ಆರು ವರ್ಷ ಇದ್ದು, ಡೌಟ್ ಅಂದರೆ ಇಲ್ಲ ಅನ್ನೋ ಕಡೆ ವಾಲೋದು ಅಂತ ಚೆನ್ನಾಗಿ ಕಲಿತುಕೊಂಡು, ಕೆಲಸಕ್ಕೆ ಅಂತ ಸ್ಕಾಟ್ಲೆಂಡಿನ ಡಂಡೀಗೆ ಬಂದೆ. ಬಂದು ಹತ್ತು ದಿನ ಆಗಿರಬೇಕು. ಸಂಜೆ ಬಸ್ ಸ್ಟಾಪಿಗೆ ಓಡಿ ಬಂದೆ. ಬೆಂಚಿನ ಮೇಲೆ ಒಬ್ಬ ಅಜ್ಜಿ, ಹಸಿರು ಉಣ್ಣೆಯ ಟೋಪಿ, ಮಡಿಲಲ್ಲಿ ಮಡಿಸಿದ ಚೀಲ. ಬಸ್ಸು ಹೋಯ್ತಾ ಅಂತ ಕೇಳಿದೆ. ಆಕೆ ರಸ್ತೆಯ ಆ ತುದಿ ನೋಡಿ, ತಲೆ ಅಲ್ಲಾಡಿಸಿ, ‘ಐ ಡೌಟ್ ವೀವ್ ಮಿಸ್ಡ್ ಇಟ್’ ಅಂದರು. ನನಗೆ ನೆಮ್ಮದಿಯಾಯ್ತು. ತಪ್ಪಿಹೋಗಿರಲಿಕ್ಕಿಲ್ಲ ಅಂತಿದ್ದಾರೆ ಅಂದುಕೊಂಡೆ. ಅಜ್ಜಿ ಮೆಲ್ಲಗೆ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೊರಟೇಬಿಟ್ಟರು. ಬಸ್ಸು ಬರುವಾಗ ಯಾಕೆ ನಡೆಯುತ್ತಿದ್ದಾರೆ ಅಂತ ನನಗೆ ಆಶ್ಚರ್ಯ. ಮಳೆ ಹನಿಯೋಕೆ ಶುರುವಾಯ್ತು. ನಾನು ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ದೆ.

ಮರುದಿನ ಆಫೀಸಿನಲ್ಲಿ ಹೇಳಿದಾಗ ಪಕ್ಕದ ಸೀಟಿನವರು ಬಿಡಿಸಿ ಹೇಳಿದರು. ಸ್ಕಾಟ್ಲೆಂಡಿನ ಮಾತಿನಲ್ಲಿ ‘ಐ ಡೌಟ್’ ಅಂದರೆ ‘ಹಾಗೇ ಆಗಿದೆ ಅಂತ ನನಗೆ ಅನುಮಾನ’. ಆಗಬಾರದ್ದು ಆಗಿದೆ ಅನ್ನೋ ಸಣ್ಣ ಅಳುಕು ಅದರಲ್ಲಿರುತ್ತದೆ. ‘ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್’ ಅಂತ ಅವರು ಅಂದರೆ ಕೊಡೆ ತಗೊಂಡು ಹೋಗಬೇಕು. ಹೆದರು ಅಂತ ಈ ಪದಕ್ಕೆ ಹಿಂದೆ ಒಂದು ಅರ್ಥ ಇತ್ತು ಅಂದೆನಲ್ಲ, ಅದರ ನೆರಳು ಇಲ್ಲಿ ಇನ್ನೂ ಉಳಿದಿದೆ ಅಂತ ನನಗೆ ಅನಿಸುತ್ತದೆ. ಅಜ್ಜಿ ಹೇಳಿದ್ದು ‘ಬಸ್ಸು ತಪ್ಪಿಹೋಯ್ತು ಕಾಣುತ್ತೆ’ ಅಂತ.

ಆ ರಾತ್ರಿ ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೆ. ತಟ್ಟನೆ ಹೊಳೆಯಿತು, ಇದು ಕನ್ನಡದಲ್ಲಿ ಆಗಲೇ ಇದೆ! ‘ಬಸ್ಸು ಹೋಗಿದೆ ಅಂತ ಅನುಮಾನ’ ಅಂತೀವಿ. ಅಂದರೆ ಹೋಗಿರಬೇಕು. ‘ಬಸ್ಸು ಬರೋದು ಅನುಮಾನ’ ಅಂತೀವಿ. ಅಂದರೆ ಬರಲಿಕ್ಕಿಲ್ಲ. ಪದ ಒಂದೇ, ಅನುಮಾನ. ಮುಂಚೆ ‘ಅಂತ’ ಬಂದರೆ ಹೌದು ಅನ್ನೋ ಕಡೆ ವಾಲುತ್ತದೆ. ‘ಬರೋದು’, ‘ಆಗೋದು’ ಅಂತ ಬಂದರೆ ಇಲ್ಲ ಅನ್ನೋ ಕಡೆ ವಾಲುತ್ತದೆ. ನಾವು ಹುಟ್ಟಿದಾಗಿಂದ ಇದನ್ನು ಯೋಚನೆ ಮಾಡದೆ ಆಡುತ್ತೇವೆ, ಒಂದು ಸಲವೂ ತಪ್ಪಲ್ಲ. ಮೊದಲನೆಯದು ಸ್ಕಾಟ್ಲೆಂಡಿನ ಅಜ್ಜಿಯ ಡೌಟ್. ಎರಡನೆಯದು ಇಂಗ್ಲೆಂಡಿನ ಡೌಟ್. ಇಂಗ್ಲೆಂಡಿನವರು ಮೊದಲನೆಯದಕ್ಕೆ ‘ಸಸ್ಪೆಕ್ಟ್’ ಅಂತ ಬೇರೆ ಪದ ಇಟ್ಟುಕೊಂಡಿದ್ದಾರೆ. ‘ಐ ಸಸ್ಪೆಕ್ಟ್ ವೀವ್ ಮಿಸ್ಡ್ ಇಟ್’ ಅಂದರೆ ತಪ್ಪಿಹೋಗಿದೆ ಅಂತ ಅನುಮಾನ. ‘ಐ ಡೌಟ್ ವೀವ್ ಮಿಸ್ಡ್ ಇಟ್’ ಅಂದರೆ ತಪ್ಪಿಹೋಗಿರೋದು ಅನುಮಾನ. ಈ ಎರಡೂ ಕನ್ನಡದಲ್ಲಿ ಅನುಮಾನವೇ ಆದ್ದರಿಂದ ನಾವು ಡೌಟ್ ಮತ್ತು ಸಸ್ಪೆಕ್ಟ್ ನಡುವೆ ತಡವರಿಸುತ್ತೇವೆ. ಇನ್ನು ಮುಂದೆ ತಲೆಯಲ್ಲಿ ಕನ್ನಡದ ವಾಕ್ಯ ಮಾಡಿ ನೋಡಿ. ‘ಅಂತ ಅನುಮಾನ’ ಬಂದರೆ ಸಸ್ಪೆಕ್ಟ್. ‘ಬರೋದು ಅನುಮಾನ’, ‘ಆಗೋದು ಅನುಮಾನ’ ಥರ ಬಂದರೆ ಡೌಟ್. ನನಗೆ ಇದು ಈವರೆಗೆ ಕೈಕೊಟ್ಟಿಲ್ಲ.

ಇಷ್ಟೆಲ್ಲ ಓದಿ ನೀವು ‘ಸರಿ, ಇನ್ನು ಡೌಟ್ ಪದವೇ ಬೇಡ, ಎಲ್ಲದಕ್ಕೂ ಕ್ವೆಶ್ಚನ್ ಅಂತೀನಿ’ ಅಂದುಕೊಂಡರೆ ಅದೂ ಸರಿಯಲ್ಲ. ನಾನು ಹಾಗೇ ಮಾಡಿದ್ದೆ. ಅದರಿಂದ ಆದ ನಷ್ಟ ಮಾತ್ರೆಯ ಕಥೆಗಿಂತ ದೊಡ್ಡದು.

ಬಂದು ನಾಲ್ಕೈದು ವರ್ಷ ಆದಮೇಲಿನ ಮಾತು. ಒಂದು ಪ್ರಾಜೆಕ್ಟಿಗೆ ಆರು ವಾರ ಅಂತ ವೇಳಾಪಟ್ಟಿ ಹಾಕಿದ್ದರು. ಹಳೆಯ ಡೇಟಾ ಎಲ್ಲ ಹೊಸ ಸಿಸ್ಟಮ್ಮಿಗೆ ಸಾಗಿಸಬೇಕಿತ್ತು. ಆ ಡೇಟಾ ಎಷ್ಟು ಗೋಜಲಾಗಿದೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಆರು ವಾರದಲ್ಲಿ ಆಗಲ್ಲ ಅಂತ ನನಗೆ ಖಾತ್ರಿ ಇತ್ತು. ಆದರೆ ಡೌಟ್ ಅನ್ನಬಾರದು ಅಂತ ಕಲಿತುಬಿಟ್ಟಿದ್ದೆನಲ್ಲ. ‘ಜಸ್ಟ್ ಎ ಕ್ವಿಕ್ ಕ್ವೆಶ್ಚನ್, ಈಸ್ ಸಿಕ್ಸ್ ವೀಕ್ಸ್ ಇನಫ್?’ ಅಂದೆ. ಮ್ಯಾನೇಜರ್ ‘ಯೆಸ್, ಶುಡ್ ಬಿ’ ಅಂದು ಮುಂದಿನ ವಿಷಯಕ್ಕೆ ಹೋದರು. ನಾನು ಕ್ವೆಶ್ಚನ್ ಕೇಳಿದೆ, ಅವರು ಉತ್ತರ ಕೊಟ್ಟರು. ಅಲ್ಲಿಗೆ ಮುಗಿಯಿತು.

ಹತ್ತನೇ ವಾರಕ್ಕೆ ಕೆಲಸ ಇನ್ನೂ ಅರ್ಧ ಇತ್ತು. ಅವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, ‘ಇಫ್ ಯೂ ಹ್ಯಾಡ್ ಡೌಟ್ಸ್, ವೈ ಡಿಡಂಟ್ ಯೂ ಸೇ ಸೋ?’ ಡೌಟ್ ಇದ್ದರೆ ಹೇಳಬಾರದಿತ್ತಾ? ಕೋಪ ಇರಲಿಲ್ಲ ಆ ದನಿಯಲ್ಲಿ, ನಿಜವಾಗಿಯೂ ಅರ್ಥ ಆಗದೆ ಕೇಳಿದರು. ನಾನು ಹೇಳಿದ್ದೆನಲ್ಲ ಅಂತ ಬಾಯಿಗೆ ಬಂತು. ಆಮೇಲೆ ಯೋಚಿಸಿದರೆ, ಹೇಳಿರಲಿಲ್ಲ. ಕೇಳಿದ್ದೆ. ನನ್ನ ಅಭಿಪ್ರಾಯವನ್ನು ಪ್ರಶ್ನೆಯ ಒಳಗೆ ಮುಚ್ಚಿಟ್ಟು, ಅವರೇ ತೆಗೆದು ನೋಡಲಿ ಅಂತ ಬಿಟ್ಟಿದ್ದೆ.

ಹಿರಿಯರ ಮುಂದೆ ನಾವು ತುಂಬಾ ಜನ ಹೀಗೇ ಮಾಡುತ್ತೇವೆ. ‘ಆಗಲ್ಲ’ ಅನ್ನೋ ಬದಲು ‘ಆಗುತ್ತಾ ಸರ್?’ ಅಂತೀವಿ. ಆ ದನಿಯಲ್ಲೇ ಕೇಳೋರಿಗೆ ಉತ್ತರ ಸಿಗುತ್ತದೆ. ಇಲ್ಲಿ ದನಿಯನ್ನು ಅಷ್ಟು ಒಳಗೆ ಹೋಗಿ ಯಾರೂ ಕೇಳಲ್ಲ, ಅದರಲ್ಲೂ ನಮ್ಮ ಉಚ್ಚಾರಣೆಯಲ್ಲಿ. ಪದ ಏನು ಹೇಳುತ್ತದೋ ಅದನ್ನೇ ತಗೋತಾರೆ. ಅದಕ್ಕೇ, ತಿಳಿಯಬೇಕಾದಾಗ ಕ್ವೆಶ್ಚನ್ ಅನ್ನಿ, ನಂಬಿಕೆ ಇಲ್ಲದಾಗ ಡೌಟ್ ಅನ್ನಿ. ಹೆದರಬೇಡಿ. ‘ಐ ಡೌಟ್ ಸಿಕ್ಸ್ ವೀಕ್ಸ್ ಈಸ್ ಇನಫ್, ಆ್ಯಂಡ್ ಹಿಯರ್ ಈಸ್ ವೈ’ ಅಂದರೆ ಮರ್ಯಾದೆಗೇನೂ ಕುಂದಿಲ್ಲ. ಕಾರಣ ಜೊತೆಗಿದ್ದರೆ ಸಾಕು. ಇನ್ನೂ ಮೆತ್ತಗೆ ಬೇಕಾದರೆ ‘ಐ ಹ್ಯಾವ್ ಎ ಕಪಲ್ ಆಫ್ ಕನ್ಸರ್ನ್ಸ್’ ಅನ್ನಿ. ಹೊಸದಾಗಿ ಬಂದವರು ಇಷ್ಟು ನೇರ ಮಾತಾಡಬಹುದಾ ಅಂತ ನಿಮಗೆ ಅನಿಸಬಹುದು. ಆಡಬಹುದು. ನಿಮ್ಮನ್ನು ಕೆಲಸಕ್ಕೆ ಕರೆಸಿಕೊಂಡಿರೋದೇ ಅದಕ್ಕೆ. ಅದಾದ ಮೇಲೆ ನಾನು ಒಂದು ಮೀಟಿಂಗಿನಲ್ಲಿ ಡೌಟ್ ಅನ್ನೋ ಪದವನ್ನು ಬೇಕು ಅಂತಲೇ ಆಡಿದೆ. ಕೋಣೆಯಲ್ಲಿ ನಾಲ್ಕು ಜನ ತಲೆ ಎತ್ತಿ ನೋಡಿದರು. ಒಬ್ಬರು ನೋಟ್‌ಬುಕ್ ತೆರೆದರು.

ಪ್ರತಿ ಮಾತನ್ನೂ ತೂಗಿ ಆಡಬೇಕಾ ಅಂತ ಕೇಳಿದಿರಿ. ಮೊದಲ ಒಂದೆರಡು ವರ್ಷ ಸ್ವಲ್ಪ ತೂಗಬೇಕಾಗುತ್ತದೆ, ನಿಜ. ಅದು ಸುಸ್ತು ಮಾಡುತ್ತದೆ ಅನ್ನೋದೂ ನಿಜ. ಸಂಜೆ ಮನೆಗೆ ಬಂದು ಕನ್ನಡದಲ್ಲಿ ಫೋನ್ ಮಾಡಿದಾಗ ನಾಲಿಗೆ ಹಗುರ ಆಗುತ್ತದಲ್ಲ, ಆ ಸುಸ್ತು ಎಷ್ಟಿತ್ತು ಅಂತ ಆಗ ಗೊತ್ತಾಗುತ್ತದೆ. ಆದರೆ ತೂಗಬೇಕಾದ ಪದಗಳು ನೀವು ಅಂದುಕೊಂಡಷ್ಟಿಲ್ಲ. ಪೂರ್ತಿ ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ನೋಡುತ್ತೀರಿ, ತೊಂದರೆ ಇಲ್ಲ. ತೊಂದರೆ ಕೊಡೋದು ಡೌಟಿನ ಥರದವು, ನಾವು ಬಾಲ್ಯದಿಂದ ಬಳಸಿ ನಮ್ಮದೇ ಮಾಡಿಕೊಂಡಿರೋವು. ಅವನ್ನು ಎದುರಿನವರ ಮುಖದಲ್ಲೇ ಕಲಿಯಬೇಕು. ನೀವು ಮೂರೇ ವಾರಕ್ಕೆ ಒಂದು ಮುಖ ಬಿಗಿಯಾದದ್ದನ್ನು ಗಮನಿಸಿದ್ದೀರಿ, ಯಾಕೆ ಅಂತ ಕೇಳಿದ್ದೀರಿ. ನನಗೆ ಅಷ್ಟಕ್ಕೆ ಒಂದು ವರ್ಷ ಬೇಕಾಯ್ತು.

ಇನ್ನು ಆ ಸಹೋದ್ಯೋಗಿಯ ವಿಷಯ. ಬಿಟ್ಟುಬಿಡಬೇಡಿ. ಸೋಮವಾರ ಹೋದ ತಕ್ಷಣ ಅವರ ಮೇಜಿನ ಹತ್ತಿರ ಹೋಗಿ. ಉದ್ದ ಕ್ಷಮಾಪಣೆ ಬೇಡ, ಅವರಿಗೂ ಮುಜುಗರ ಆಗುತ್ತದೆ. ‘ನಾನು ಮಾತಾಡೋ ಇಂಗ್ಲಿಷಿನಲ್ಲಿ ಡೌಟ್ ಅಂದರೆ ಸುಮ್ನೆ ಒಂದು ಕ್ವೆಶ್ಚನ್. ನಿಮ್ಮ ಡಿಸೈನ್ ನನಗೆ ಇಷ್ಟವಾಯ್ತು’ ಅನ್ನಿ, ನಿಜವಾಗಿ ಇಷ್ಟವಾಗಿದ್ದರೆ. ಇದನ್ನು ನಾನು ಎರಡು ಸಲ ಮಾಡಿದ್ದೇನೆ. ಎರಡು ಸಲವೂ ಎದುರಿನವರು ಕುರ್ಚಿ ಹಿಂದಕ್ಕೆ ಸರಿಸಿ, ಕೂರಿ ಅಂದಿದ್ದಾರೆ. ಮ್ಯಾನೇಜರಿಗೂ ಇದೇ ಮಾತು ಒಂದು ಸಾಲಿನಲ್ಲಿ ಹೇಳಿಬಿಡಿ. ಆಮೇಲೆ ಮೂರನೇ ಚಿತ್ರ ತೆರೆದು, ‘ಕ್ಯಾನ್ ಐ ಜಸ್ಟ್ ಚೆಕ್ ಒನ್ ಥಿಂಗ್?’ ಅಂತ ಆ ಬಾಣದ ಮೇಲೆ ಬೆರಳಿಡಿ. ಅದು ಯಾವ ಕಡೆಗಿತ್ತು ಅಂತ ನನಗೂ ಬರೆಯಿರಿ.